ಕಲ್ಲೇಶ್ವರ ಸ್ವಾಮಿಯ ಆನ್‌ಲೈನ್ ಖಾತೆ

ವಿದ್ಯೆ ಪೂರ್ತಿ ಹತ್ತಿದರೆ ಮನುಷ್ಯನಿಗೆ ಒಳ್ಳೆಯದು, ಹತ್ತದೇ ಹೋದರೂ ನಷ್ಟವಿಲ್ಲ. ಅರ್ಧ ಹತ್ತಿದರೆ ಮಾತ್ರ ಸುತ್ತಮುತ್ತಲಿನವರಿಗೆ ಕಷ್ಟ. ನನಗೆ ಕಂಪ್ಯೂಟರ್ ವಿದ್ಯೆ ಸರಿಯಾಗಿ ಅರ್ಧ ಹತ್ತಿತ್ತು. ಮೊಬೈಲಿನ ಒಂದೊಂದು ಗುಂಡಿಗೂ ಮೂರು ಮೂರು ಅಕ್ಷರ ಇದ್ದ ಕಾಲ ಅದು. ದೊಡ್ಡನೆಕ್ಕುಂದಿಯ ಪಂಪು ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ನಾನು ಗುಮಾಸ್ತ. ನಮ್ಮ ಕಚೇರಿಯಲ್ಲಿ ಇಂಟರ್ನೆಟ್ ಬ್ಯಾಂಕಿಂಗಿನ ಪಾಸ್‌ವರ್ಡ್ ಇದ್ದವನು ನಾನೊಬ್ಬನೇ. ಕರೆಂಟ್ ಬಿಲ್ಲನ್ನು ಕುಳಿತಲ್ಲೇ ಕಟ್ಟಿದ ಪುಣ್ಯಾತ್ಮ ಎಂದು ಜನ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಆ ಬಿಲ್ಲನ್ನು ನಾನು ಎರಡು ಸಲ ಕಟ್ಟಿದ್ದೆ ಎಂಬುದು ನನ್ನ ಹೆಂಡತಿ ಗಿರಿಜಾಗೆ ಮಾತ್ರ ಗೊತ್ತಿತ್ತು.

ನಮ್ಮಲ್ಲಿ ದೊಡ್ಡ ಕ್ರಿಕೆಟ್ ಸರಣಿ ಬಂದಾಗಲೆಲ್ಲ ಒಂದು ಫ್ಯಾಂಟಸಿ ಲೀಗ್ ನಡೆಯುತ್ತಿತ್ತು. ಆಡುವ ಆಟಗಾರರಲ್ಲೇ ಹನ್ನೊಂದು ಜನರನ್ನು ಹೆಕ್ಕಿ, ಹಾಳೆಯ ಮೇಲೆ ನಮ್ಮದೇ ಒಂದು ತಂಡ ಕಟ್ಟಿಕೊಳ್ಳುವುದು. ಅವರು ಮೈದಾನದಲ್ಲಿ ಬೆವರು ಸುರಿಸಿ ರನ್ ಹೊಡೆದರೆ ಅಂಕ ನಮಗೆ! ತಲಾ ಐನೂರ ಒಂದು ರೂಪಾಯಿ. ಸೊನ್ನೆಯಲ್ಲಿ ಮುಗಿಯುವ ದುಡ್ಡನ್ನು ಮುಯ್ಯಿಗೂ ಕೊಡುವುದಿಲ್ಲ, ಲೀಗಿಗೂ ಕೊಡುವುದಿಲ್ಲ ಎಂಬುದು ನಮ್ಮ ವಿಭಾಗದ ಧರ್ಮ. ಹನ್ನೊಂದು ಜನರಿಂದ ಒಟ್ಟು ಐದು ಸಾವಿರದ ಐನೂರ ಹನ್ನೊಂದು. ಗೆದ್ದವರಿಗೆ ಪೂರ್ತಿ. ಸರಣಿ ಮುಗಿಯುವವರೆಗೆ ಆ ದುಡ್ಡು ಸ್ಟೋರ್ಸಿನ ಬಶೀರ್ ಸಾಹೇಬರ ಮೇಜಿನ ಮೇಲೆ, ಬಿಸ್ಕತ್ತಿನ ಡಬ್ಬದಲ್ಲಿ ಇರುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ಪೈಸೆ ಹೆಚ್ಚುಕಮ್ಮಿ ಆಗಿರಲಿಲ್ಲ. ಅಂಥ ವ್ಯವಸ್ಥೆಯನ್ನು ಸುಧಾರಿಸಲು ನಾನು ಹೊರಟೆ.

“ಸಾಹೇಬ್ರೇ, ಡಬ್ಬದ ಕಾಲ ಮುಗೀತು. ಈಗ ಆನ್‌ಲೈನಲ್ಲಿ ದುಡ್ಡು ಇಡೋ ಕಂಪನಿಗಳು ಬಂದಿವೆ. ಒಂದು ಖಾತೆ ತೆಗೆದ್ರೆ ಲೆಕ್ಕ ಪಕ್ಕಾ,” ಎಂದೆ.

ಬಶೀರ್ ಸಾಹೇಬರು ಕನ್ನಡಕ ಮೇಲೆತ್ತಿ ನನ್ನನ್ನೂ ಡಬ್ಬವನ್ನೂ ನೋಡಿದರು. “ಡಬ್ಬ ಏನು ತಪ್ಪು ಮಾಡ್ತು ಚಂದ್ರಪ್ಪ?”

“ತಪ್ಪಲ್ಲ ಸಾಹೇಬ್ರೇ. ಪ್ರಗತಿ.”

“ಅಚ್ಛಾ. ಮಾಡಿ ಮಾಡಿ. ನಂಗೂ ಬಿಸ್ಕತ್ ಇಡೋಕೆ ಜಾಗ ಆಗತ್ತೆ,” ಎಂದು ಅವರು ಅಧಿಕಾರ ಹಸ್ತಾಂತರ ಮಾಡಿದರು. ಹೀಗೆ ನಾನು ಸರ್ವಾನುಮತದಿಂದ ಖಜಾಂಚಿಯಾದೆ.

ಭಾನುವಾರ ಬೆಳಿಗ್ಗೆ ತಲೆಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ನಮ್ಮ ಲಿಂಗರಾಜಪುರದ ಸೈಬರ್ ಸೆಂಟರಿನಲ್ಲಿ ಕುಳಿತೆ. ಫಾರಂ ತೆರೆಯಿತು. ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಚೌಕ: ಖಾತೆಯ ಹೆಸರು.

ಇಲ್ಲಿ ನಮ್ಮ ಮನೆತನದ ವಿಷಯ ಸ್ವಲ್ಪ ಹೇಳಬೇಕು. ದಾವಣಗೆರೆಯಲ್ಲಿ ನಮ್ಮಪ್ಪನದು ಕಾಳಿನ ಅಂಗಡಿ. ಹೊಸ ಲೆಕ್ಕದ ಪುಸ್ತಕ ತೆಗೆದರೆ ಮೊದಲ ಸಾಲು ಮನೆದೇವರಿಗೆ ಮೀಸಲು. ಅರಿಶಿನ ಹಚ್ಚಿ, ‘ಶ್ರೀ ಕಲ್ಲೇಶ್ವರ ಸ್ವಾಮಿ’ ಎಂದು ಬರೆದ ಮೇಲೇ ಕೊಟ್ಟವರು, ತಗೊಂಡವರು. ಒಮ್ಮೆ ನಾನು ಆ ಸಾಲು ಬಿಟ್ಟು ನೇರವಾಗಿ ಕಡಲೆಬೇಳೆ ಬರೆದದ್ದಕ್ಕೆ ಅಪ್ಪ ಪುಸ್ತಕವನ್ನೇ ಬದಲಾಯಿಸಿದ್ದರು. ಅಂಥ ಶಿಸ್ತಿನಲ್ಲಿ ಬೆಳೆದ ಬೆರಳುಗಳು ಆ ಮೇಲಿನ ಚೌಕದಲ್ಲಿ ಬೇರೇನು ಒತ್ತಿಯಾವು? ಶ್ರೀ ಕಲ್ಲೇಶ್ವರ ಸ್ವಾಮಿ ಎಂದು ಟೈಪು ಮಾಡಿದೆ. ನನ್ನ ಹೆಸರನ್ನು ಕೆಳಗೆ ಕೇಳುತ್ತಾರೆ ಅಂದುಕೊಂಡೆ.

ಕೆಳಗೆ ಇಮೇಲ್ ಕೇಳಿದರು, ಮೊಬೈಲ್ ಕೇಳಿದರು, ಊರು ಕೇಳಿದರು. ನನ್ನ ಹೆಸರು ಮಾತ್ರ ಯಾರೂ ಕೇಳಲಿಲ್ಲ. ಎಂಥ ಸರಳ ವ್ಯವಸ್ಥೆ ಎಂದು ಮೆಚ್ಚಿಕೊಂಡು ಕೊನೆಯ ಗುಂಡಿ ಒತ್ತಿದೆ. ಪರದೆಯ ಮೇಲೆ ಕಲ್ಲೇಶ್ವರ ಸ್ವಾಮಿಗೆ ಸ್ವಾಗತ ಕೋರಿದರು. ನನಗೆ ಮೈ ಜುಮ್ ಎಂದಿತು.

ಇನ್ನು ದುಡ್ಡು ಹಾಕುವುದು. ಉಳಿದ ಹತ್ತು ಜನರಲ್ಲಿ ಒಬ್ಬರಿಗೂ ಇಂಟರ್ನೆಟ್ ಬ್ಯಾಂಕಿಂಗ್ ಇಲ್ಲ. ಹಾಗಾಗಿ ಅವರೆಲ್ಲ ನಗದನ್ನು ನನ್ನ ಕೈಗೆ ಕೊಟ್ಟರು. ನಾನು ಅರ್ಧ ದಿನ ರಜೆ ಹಾಕಿ, ಇಂದಿರಾನಗರದ ನನ್ನ ಬ್ಯಾಂಕಿನಲ್ಲಿ ಸಾಲು ನಿಂತು ನನ್ನ ಖಾತೆಗೆ ಕಟ್ಟಿದೆ. ಅಲ್ಲಿಂದ ಸೈಬರ್ ಸೆಂಟರಿಗೆ ಬಂದು, ಲೆಕ್ಕ ಪಕ್ಕಾ ಇರಲಿ ಎಂದು ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಸಲ, ಒಟ್ಟು ಹನ್ನೊಂದು ಸಲ, ಸ್ವಾಮಿಯ ಖಾತೆಗೆ ಕಳಿಸಿದೆ. ಮೂರು ಗಂಟೆ ಹಿಡಿಯಿತು. ಮನೆಗೆ ಬಂದು ಇದನ್ನೆಲ್ಲ ಗಿರಿಜಾಗೆ ಎದೆಯುಬ್ಬಿಸಿ ಹೇಳಿದೆ.

ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. “ಅಂದ್ರೆ, ಡಬ್ಬಕ್ಕೆ ಹಾಕೋ ದುಡ್ಡನ್ನ ನಿಮ್ಮ ಕೈಗೆ ಹಾಕಿದ್ರು. ನೀವು ಬ್ಯಾಂಕಿಗೆ ಹಾಕಿದ್ರಿ. ಬ್ಯಾಂಕಿಂದ ಕಂಪ್ಯೂಟರಿಗೆ ಹಾಕಿದ್ರಿ. ಅದಕ್ಕೊಂದು ರಜೆ ಹಾಕಿದ್ರಿ.”

“ಹೌದು.”

“ಒಳ್ಳೇದಾಯ್ತು ಬಿಡ್ರಿ,” ಎಂದು ಅವಳು ಸೊಪ್ಪಿನ ಕಡ್ಡಿ ಬಿಸಾಡಲು ಎದ್ದು ಹೋದಳು.

ಸರಣಿ ಮುಗಿಯಿತು. ಗೆದ್ದವರು ನಮ್ಮ ಟೆಲಿಫೋನ್ ಆಪರೇಟರ್ ಫಿಲೋಮಿನಾ ಮೇಡಂ. ಹಲಸೂರಿನವರು. ಇಪ್ಪತ್ತೆರಡು ವರ್ಷ ಕಾರ್ಖಾನೆಯ ಬೋರ್ಡಿನ ಮುಂದೆ ಕುಳಿತು ಎಲ್ಲರ ಮಾತನ್ನು ಎಲ್ಲರಿಗೂ ತಲುಪಿಸಿದವರು. ಅವರಿಗೆ ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. “ಯಾರ ಮುಖ ನೋಡಿದ್ರೆ ಚೆನ್ನಾಗಿ ಊಟ ಮಾಡಿದಾರೆ ಅನ್ಸತ್ತೋ ಅವರನ್ನೇ ಹಾಕಿದೆ ಸಾರ್,” ಎಂದರು. ಅಂಕಿಅಂಶ ಅಧ್ಯಯನ ಮಾಡಿ ತಂಡ ಕಟ್ಟಿದ್ದ ನಾನು ಹನ್ನೊಂದನೆಯವನಾಗಿದ್ದೆ.

ಆದರೆ ಆ ದುಡ್ಡು ಅವರಿಗೆ ಸಿಹಿ ಹಂಚುವ ದುಡ್ಡಾಗಿರಲಿಲ್ಲ. ಎರಡು ತಿಂಗಳಲ್ಲಿ ಕಾರ್ಖಾನೆಗೆ ತಾನಾಗಿಯೇ ಮಾತಾಡುವ ಟೆಲಿಫೋನ್ ಯಂತ್ರ ಬರುವುದಿತ್ತು. ಅಷ್ಟರೊಳಗೆ ಕಂಪ್ಯೂಟರ್ ಕಲಿತರೆ ಡಿಸ್‌ಪ್ಯಾಚ್ ವಿಭಾಗದಲ್ಲಿ ಜಾಗ, ಇಲ್ಲದಿದ್ದರೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಮನೆಗೆ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಇಂದಿರಾನಗರದ ತರಬೇತಿ ಕೇಂದ್ರದಲ್ಲಿ ಸೋಮವಾರ ಹೊಸ ಬ್ಯಾಚು. ಫೀಸು ಐದೂವರೆ ಸಾವಿರ, ಶನಿವಾರದೊಳಗೆ ಕಟ್ಟಬೇಕು.

“ಕರೆಕ್ಟಾಗಿ ಅಷ್ಟೇ ಬಂದಿದೆ ನೋಡಿ ಸಾರ್. ಮಾತಾವೇ ಕೊಡಿಸಿದ್ದು,” ಎಂದು ಅವರು ಕೊರಳಿನ ಶಿಲುಬೆಯನ್ನು ಕಣ್ಣಿಗೊತ್ತಿಕೊಂಡರು.

“ಗುರುವಾರ ನಿಮ್ಮ ಕೈಯಲ್ಲಿರತ್ತೆ ಮೇಡಂ,” ಎಂದೆ.

ಮಂಗಳವಾರ ದುಡ್ಡು ತೆಗೆಯಲು ಕುಳಿತೆ. ಖಾತೆದಾರರ ಹೆಸರೂ ಬ್ಯಾಂಕಿನಲ್ಲಿರುವ ಹೆಸರೂ ಒಂದೇ ಆಗಿರಬೇಕು ಎಂದು ಪರದೆ ಹೇಳಿತು. ಮತ್ತೆ ಒತ್ತಿದೆ. ಮತ್ತೆ ಅದನ್ನೇ ಹೇಳಿತು. ಮೂರನೆಯ ಸಲಕ್ಕೆ ಖಾತೆಗೇ ಬೀಗ ಹಾಕಿ, ಸಹಾಯವಾಣಿಗೆ ಫೋನ್ ಮಾಡಿ ಎಂದಿತು. ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

“ಕಲ್ಲೇಶ್ವರ ಸ್ವಾಮಿಯವರು ಮಾತಾಡ್ತಿರೋದಾ ಸರ್?”

“ಅಲ್ಲಮ್ಮ.”

“ಖಾತೆದಾರರ ಹತ್ರಾನೇ ಮಾತಾಡ್ಬೇಕಿತ್ತು. ಸ್ವಲ್ಪ ಫೋನ್ ಕೊಡ್ತೀರಾ?”

“ಅವರು ದಾವಣಗೆರೆ ಕಡೆ ಇದಾರೆ.”

“ಯಾವಾಗ ಸಿಗ್ತಾರೆ ಸರ್?”

“ಬೆಳಿಗ್ಗೆ ಆರರಿಂದ ಹನ್ನೊಂದು. ಆಮೇಲೆ ಬಾಗಿಲು ಹಾಕ್ತಾರೆ,” ಎಂದು ಬಾಯಿಗೆ ಬಂದ ಸತ್ಯವನ್ನೇ ಹೇಳಿದೆ.

“ಸರಿ ಸರ್. ಅವರ ಪ್ಯಾನ್ ಕಾರ್ಡು, ಒಂದು ಫೋಟೋ, ಮತ್ತೆ ಸಹಿ ಮಾಡಿದ ಪತ್ರ ಕಳಿಸೋಕೆ ಹೇಳಿ.”

“ಅಮ್ಮಾ, ಅವರು ದೇವರು.”

ಹುಡುಗಿ ದನಿ ತಗ್ಗಿಸಿ, “ಸಾರಿ ಸರ್, ಗೊತ್ತಿರ್ಲಿಲ್ಲ. ಹಾಗಾದ್ರೆ ಡೆತ್ ಸರ್ಟಿಫಿಕೇಟೂ ಬೇಕಾಗತ್ತೆ,” ಎಂದಳು. ನಾನು ಫೋನ್ ಇಟ್ಟು, ಎರಡೂ ಕೆನ್ನೆ ಬಡಿದುಕೊಂಡೆ.

ಗುರುವಾರ ಮತ್ತೊಂದು ರಜೆ. ಆ ಕಂಪನಿಯ ಕಚೇರಿ ನೂರಡಿ ರಸ್ತೆಯ ಹಳೇ ಬಂಗಲೆಯೊಂದರಲ್ಲಿತ್ತು. ಹಿಂದೆ ಕಾರು ನಿಲ್ಲಿಸುತ್ತಿದ್ದ ಶೆಡ್ಡಿನಲ್ಲಿ ನನ್ನನ್ನು ಎರಡು ಗಂಟೆ ಕೂರಿಸಿ, ಒಬ್ಬ ಅಧಿಕಾರಿಯ ಮುಂದೆ ಬಿಟ್ಟರು. ಅವರ ಹಣೆಯಲ್ಲಿ ದೊಡ್ಡ ಕುಂಕುಮ. ನನಗೆ ಜೀವ ಬಂತು. ನಡೆದದ್ದನ್ನೆಲ್ಲ ಹೇಳಿದೆ.

“ಮೊದಲ ಸಾಲು ದೇವರದು ಅಲ್ವಾ ಸಾರ್? ನನ್ನ ಹೆಸರು ಕೆಳಗೆ ಕೇಳ್ತಾರೆ ಅಂದ್ಕೊಂಡೆ.”

“ನಮ್ಮನೇಲೂ ಹಾಗೇ ಬರೆಯೋದು,” ಎಂದು ಅವರು ನಿಟ್ಟುಸಿರು ಬಿಟ್ಟರು. “ಆದ್ರೆ ನೋಡಿ, ದೇವರ ಹೆಸರಿನ ದುಡ್ಡನ್ನ ನಿಮ್ಮ ಕೈಗೆ ಕೊಟ್ರೆ ನನ್ನ ಮೇಲೆ ಎರಡು ಕಡೆ ಕಂಪ್ಲೇಂಟ್ ಹೋಗತ್ತೆ. ನಮ್ಮ ಆಫೀಸಿಗೊಂದು, ಮೇಲಕ್ಕೊಂದು. ಒಂದೇ ದಾರಿ. ದುಡ್ಡು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸೋದು. ನಲವತ್ತೈದು ದಿನ ಆಗತ್ತೆ.”

“ಶನಿವಾರ ಬೇಕು ಸಾರ್.”

“ಯಾವ ಶನಿವಾರ ಅಂತ ನೀವು ಹೇಳ್ಲಿಲ್ಲ ಅಂದ್ಕೊಂಡು ಅರ್ಜಿ ತಗೋತೀನಿ,” ಎಂದರು. ಹನ್ನೊಂದು ಸಲ ಹಾಕಿದ್ದರಿಂದ ಹನ್ನೊಂದು ಅರ್ಜಿ. ಒಂದೊಂದಕ್ಕೂ ಬೇರೆ ಬೇರೆ ಶುಲ್ಕ!

ಬಸ್ಸಿನಲ್ಲಿ ಕುಳಿತು ಬರುವಾಗ ನನಗೆ ನಿಜಕ್ಕೂ ಅಳು ಬಂತು. ನನ್ನ ಮಾನ ಹೋದರೆ ಹೋಗಲಿ, ಅದು ಕರೆಂಟ್ ಬಿಲ್ಲಿನ ಕಾಲದಲ್ಲೇ ಅರ್ಧ ಹೋಗಿತ್ತು. ಆದರೆ ಆ ಹೆಂಗಸಿನ ಕೆಲಸ? ಮನೆಯಲ್ಲಿ ಆ ತಿಂಗಳ ಬಾಡಿಗೆ ಕಟ್ಟಿದ ಮೇಲೆ ಉಳಿದದ್ದು ಸಾವಿರಕ್ಕೆ ಸ್ವಲ್ಪ ಮೇಲೆ. ಗಿರಿಜಾಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

“ಮೊದಲು ಹೋಗಿ ಅವರಿಗೆ ಹೇಳ್ರಿ. ನೀವು ಜಂಬಕ್ಕೆ ಸುಮ್ನಿದ್ರೆ ಅವರು ಶನಿವಾರದ ತನಕ ಕಾಯ್ತಾ ಕೂತಿರ್ತಾರೆ,” ಎಂದಳು. ಬೈದಿದ್ದರೇ ಸುಲಭವಾಗಿತ್ತು.

ಶುಕ್ರವಾರ ಊಟದ ಹೊತ್ತಿಗೆ, ಇಡೀ ವಿಭಾಗದ ಮುಂದೆ ನಿಂತು ಹೇಳಿದೆ. ದುಡ್ಡು ಕಳೆದಿಲ್ಲ, ಭದ್ರವಾಗಿದೆ, ಎಷ್ಟು ಭದ್ರ ಎಂದರೆ ನನಗೂ ಸಿಗುವುದಿಲ್ಲ ಎಂದೆ. ಯಾರೂ ನಗಲಿಲ್ಲ. ಫಿಲೋಮಿನಾ ಮೇಡಂ ಟಿಫನ್ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದರು.

“ಪರವಾಗಿಲ್ಲ ಸಾರ್. ನೀವೇನು ಬೇಕು ಅಂತ ಮಾಡ್ಲಿಲ್ಲ. ಮೂರು ತಿಂಗಳಿಗೆ ಇನ್ನೊಂದು ಬ್ಯಾಚ್ ಇದ್ಯಂತೆ.”

ಯಂತ್ರ ಎರಡು ತಿಂಗಳಿಗೇ ಬರುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

ಬಶೀರ್ ಸಾಹೇಬರು ಎದ್ದು ಸ್ಟೋರ್ಸಿಗೆ ಹೋದರು. ಬಿಸ್ಕತ್ತಿನ ಡಬ್ಬ ತಂದು, ಅದರಲ್ಲಿದ್ದ ಬಿಸ್ಕತ್ತನ್ನೆಲ್ಲ ಒಂದು ಪೇಪರಿನ ಮೇಲೆ ಸುರುವಿ, ಖಾಲಿ ಡಬ್ಬದಲ್ಲಿ ಐನೂರ ಒಂದು ಹಾಕಿ ಪಕ್ಕದವರಿಗೆ ದಾಟಿಸಿದರು. ಡಬ್ಬ ಮೇಜಿಂದ ಮೇಜಿಗೆ ಹೋಯಿತು. ತಿಂಗಳ ಕೊನೆ ಬೇರೆ. ಒಬ್ಬರು ಎದ್ದು ಗೇಟಿನಾಚೆಯ ಎಟಿಎಮ್ಮಿಗೆ ಹೋಗಿ ಬಂದರು, ಒಬ್ಬರು ಪಕ್ಕದವರ ಹತ್ತಿರ ಕೈಸಾಲ ಮಾಡಿ ಹಾಕಿದರು. ಕೊನೆಗೆ ನನ್ನ ಮುಂದೆ ಬಂತು. ನಾನು ಒಂದು ಪಾಲು ಹಾಕಿದೆ.

“ಚಂದ್ರಪ್ಪ,” ಎಂದರು ಬಶೀರ್ ಸಾಹೇಬರು. “ಮೇಡಂ ಪಾಲು ಯಾರು ಹಾಕ್ತಾರೆ? ಕಲ್ಲೇಶ್ವರ ಸ್ವಾಮಿನಾ?”

ಇನ್ನೊಂದು ಐನೂರ ಒಂದನ್ನೂ ಹಾಕಿದೆ. ಆಗ ಎಲ್ಲರೂ ನಕ್ಕರು, ಫಿಲೋಮಿನಾ ಮೇಡಂ ಅಳುತ್ತಲೇ ನಕ್ಕರು. ಎಣಿಸಿದರೆ ಐದು ಸಾವಿರದ ಐನೂರ ಹನ್ನೊಂದು. ಪೂರ್ತಿ ವ್ಯವಹಾರ ಮುಗಿದಾಗ ಊಟದ ವಿರಾಮದಲ್ಲಿ ಇನ್ನೂ ಹತ್ತು ನಿಮಿಷ ಉಳಿದಿತ್ತು. ನಾವು ಅದರಲ್ಲಿ ಆ ಬಿಸ್ಕತ್ತು ತಿಂದೆವು.

ಮೇಡಂ ಶನಿವಾರ ಫೀಸು ಕಟ್ಟಿದರು. ನಮ್ಮ ದುಡ್ಡು ನಲವತ್ತೈದಲ್ಲ, ಎಪ್ಪತ್ತು ದಿನಕ್ಕೆ, ಹನ್ನೊಂದು ಕಂತಿನಲ್ಲಿ, ಶುಲ್ಕ ಮುರಿದುಕೊಂಡು ನನ್ನ ಖಾತೆಗೆ ಬಂತು. ಮುರಿದದ್ದನ್ನು ಕೈಯಿಂದ ಸೇರಿಸಿ ಎಲ್ಲರಿಗೂ ಹಂಚಿದೆ. ಅಷ್ಟು ದಿನ ಇಟ್ಟುಕೊಂಡಿದ್ದಕ್ಕೆ ಸ್ವಾಮಿಗೂ ಏನಾದರೂ ಸಲ್ಲಬೇಕು ಎಂದು ಗಿರಿಜಾ ನೂರ ಒಂದು ರೂಪಾಯಿ ಮನಿಯಾರ್ಡರ್ ಮಾಡಿದಳು. ಅದು ಮೂರನೇ ದಿನಕ್ಕೆ ತಲುಪಿತು.

ಮುಂದಿನ ಸರಣಿಯ ಹೊತ್ತಿಗೆ ಫಿಲೋಮಿನಾ ಮೇಡಂ ಡಿಸ್‌ಪ್ಯಾಚ್ ವಿಭಾಗದಲ್ಲಿ, ಹೊಸ ಕಂಪ್ಯೂಟರಿನ ಮುಂದೆ ಇದ್ದರು. ಹತ್ತೂ ಬೆರಳು ಹಾಕಿ ಟೈಪು ಮಾಡುವುದನ್ನು ನೋಡಲು ಜನ ಸುಮ್ಮಸುಮ್ಮನೆ ಆ ಕಡೆ ಹೋಗಿಬರುತ್ತಿದ್ದರು. ಸಭೆ ಸೇರಿ ಅವರನ್ನೇ ಖಜಾಂಚಿ ಮಾಡಿದೆವು. ಅವರು ತಮ್ಮ ಹೆಸರಿನಲ್ಲಿ ಆನ್‌ಲೈನ್ ಖಾತೆಯನ್ನು ಐದು ನಿಮಿಷದಲ್ಲಿ ತೆಗೆದು, ಒಬ್ಬೊಬ್ಬರನ್ನೇ ಕರೆದು ವಿವರ ತುಂಬಿಸಿಕೊಂಡರು. ನನ್ನ ಸರದಿ ಬಂತು. ಅನುಭವಸ್ಥ, ಒಂದೆರಡು ಸಲಹೆ ಕೊಡೋಣ ಎಂದು ನಾನು ಕುರ್ಚಿ ಎಳೆದುಕೊಂಡು ಮೌಸಿನ ಕಡೆ ಕೈ ಚಾಚಿದೆ.

“ಸಾರ್, ನೀವು ಅಲ್ಲೇ ನಿಂತ್ಕೊಳ್ಳಿ,” ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. “ಹೆಸರು ಹೇಳಿ ಸಾಕು. ಏನೂ ಮುಟ್ಬೇಡಿ.”

ನಾನು ಕೈ ಹಿಂದೆ ಕಟ್ಟಿಕೊಂಡು ನಿಂತು, ನನ್ನ ಹೆಸರು ಹೇಳಿದೆ.