ಖೋಲಿಯಲ್ಲಿ ಡೊಳ್ಳಿಗೂ ಒಂದು ಜಾಗ

ಯಾರಾದರೂ ಚರ್ಮವಾದ್ಯದ ಮೇಲೆ ಕೈ ಇಟ್ಟರೆ ಸಾಕು, ಅಲ್ಲಿ ನನಗೊಂದು ಫಜೀತಿ ಕಾದಿರುತ್ತದೆ. ಊರಲ್ಲೂ ಹೀಗೇ ಇತ್ತು, ಮುಂಬಯಿಗೆ ಬಂದ ಮೇಲೆ ಇನ್ನೂ ಜೋರಾಗಿದೆ.

ಮೊದಲು ನಾನು ಯಾರೆಂದು ತಿಳಿಯಿರಿ. ಬಿಜಾಪುರದ ಕಡೆಯ ಹಳ್ಳಿಯವನು. ನಾನು ಡೊಳ್ಳಿಗೆ ಕೋಲು ಹಾಕಿದರೆ ಹೊಳೆಯಾಚೆಯ ಊರಿನ ಎಮ್ಮೆಗಳು ಕಣ್ಣಿ ಹರಿದುಕೊಳ್ಳುತ್ತಿದ್ದವು. ಸುಳ್ಳಲ್ಲ, ಎಮ್ಮೆಯವರು ಹೊಳೆ ದಾಟಿ ಬಂದು ಜಗಳ ಆಡಿ ಹೋಗಿದ್ದಾರೆ. ಕರ್ನಾಟಕ ಇನ್ನೂ ಒಂದಾಗಿಲ್ಲ, ನಮ್ಮ ಬಿಜಾಪುರ ಮುಂಬಯಿ ರಾಜ್ಯದಲ್ಲೇ ಇರುವುದರಿಂದ ನಾನು ಪರಸ್ಥಳಕ್ಕೆ ಬಂದವನೂ ಅಲ್ಲ, ನನ್ನ ರಾಜಧಾನಿಗೆ ಬಂದವನು. ಗ್ರಾಂಟ್ ರೋಡಿನ ಅರಿವೆ ಅಂಗಡಿಯಲ್ಲಿ ಸೇಲ್ಸ್‌ಮನ್. ಬರುವಾಗ ಒಂದು ಟ್ರಂಕು, ಒಂದು ಡೊಳ್ಳು ತಂದೆ. ಟ್ರಂಕು ಯಾರಿಗೂ ತೊಂದರೆ ಕೊಡಲಿಲ್ಲ.

ಚಾಳ್‌ನಲ್ಲಿ ನಮ್ಮ ಖೋಲಿ ನಾಲ್ಕು ಗಂಡಸರು ಒತ್ತೊತ್ತಾಗಿ ಮಲಗುವಷ್ಟೇ ದೊಡ್ಡದು. ಡೊಳ್ಳು ಬಂದದ್ದೇ ಧಾರವಾಡದ ಕಾಕಾ ಅವರ ಕಾಲು ಬಾಗಿಲಾಚೆಯ ಗ್ಯಾಲರಿಗೆ ಹೋದವು. ಕಾಕಾ ಎಂದರೆ ನಮ್ಮ ಖೋಲಿಯ ಹಿರಿಯರು, ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರು, ಸಂಗೀತದ ಹುಚ್ಚರು, ಚಾಳ್‌ನ ಗಣಪತಿ ಉತ್ಸವಕ್ಕೆ ಸೆಕ್ರೆಟರಿ. ಕಾಲ ಮೇಲೆ ಮಳೆ ಬಿದ್ದ ಒಂದು ಬೆಳಿಗ್ಗೆ ಅವರು ನ್ಯಾಯ ಹೇಳಿದರು:

"ತಮ್ಮಾ, ಈ ಸರತಿ ಗಣಪತಿ ಮುಂದ ನೀ ಒಬ್ಬನ ಬಾರಸು. ಮಂದಿ ಕೂತು ಕೇಳಿದ್ರ ಡೊಳ್ಳು ಖೋಲ್ಯಾಗ ಇರಲಿ. ಎದ್ದು ಹೋದ್ರ ಡೊಳ್ಳು ಊರಿಗೆ."

"ಒಬ್ಬ ಎದ್ದರೂ ಡೊಳ್ಳಿನ ಕೂಡ ನಾನೂ ರೈಲು ಹತ್ತತೀನ್ರಿ ಕಾಕಾ," ಎಂದೆ. ಎಮ್ಮೆಗಳನ್ನೇ ಎಬ್ಬಿಸಿದವನಿಗೆ ಮನುಷ್ಯರನ್ನು ಕೂಡ್ರಿಸುವುದು ಯಾವ ಲೆಕ್ಕ?

"ಅದಕ್ಕೂ ಮೊದಲ ನಾಕು ಮಂದೀದು ಕೇಳು," ಎಂದು ಕಾಕಾ ನನ್ನನ್ನು ಲೋಕಲ್ ರೈಲು ಹತ್ತಿಸಿದರು.

ಕಾಫಿಯ ಹೊತ್ತು

ಮೊದಲು ಮಾಟುಂಗ. ಅಲ್ಲೊಂದು ಹಾಡಿನ ಕಚೇರಿ. ಹಾಡುವವರು ಅರ್ಧಕ್ಕೆ ನಿಲ್ಲಿಸಿ ಮೃದಂಗದವರಿಗೆ ಕೈ ತೋರಿಸಿದರು. ಇನ್ನು ಮೃದಂಗ ಒಂದೇ, ಅದಕ್ಕೆ ತನಿ ಎನ್ನುತ್ತಾರಂತೆ. ನಾನು ನೆಟ್ಟಗೆ ಕುಳಿತೆ. ಸುತ್ತಲಿನವರು ನೆಟ್ಟಗೆ ಎದ್ದರು. ಅರ್ಧ ಸಭೆ ಪಂಚೆ ಕೊಡವಿಕೊಂಡು ಬಾಗಿಲ ಕಡೆ ಹೊರಟಿತು.

ಒಬ್ಬ ಕಲಾವಿದನಿಗೆ ಇಂಥ ಅವಮಾನವೇ? ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದೆ. "ಅಂವ ಈಗಷ್ಟ ಶುರು ಮಾಡ್ಯಾನ. ನೀವು ಎಲ್ಲಿ ಹೊಂಟೀರಿ?"

"ಕಾಫಿಗೆ ಮಾರಾಯ," ಎಂದರು ಉಡುಪಿ ಕಡೆಯ ದಪ್ಪನೆಯ ಮನುಷ್ಯರೊಬ್ಬರು. "ತನಿಗೆ ಕುಡಿಯದೆ ಮತ್ತೆ ಯಾವಾಗ ಕುಡಿಯುವುದು? ಅದನ್ನು ಇಟ್ಟದ್ದೇ ಅದಕ್ಕಲ್ವಾ?" ಎಂದು ನನ್ನ ತೋಳಿನ ಕೆಳಗೆ ತೂರಿ ಹೋದರು. ಅವರ ಹಿಂದೆ ಉಳಿದವರೂ.

ಮೃದಂಗದವರು ಒಣಕಲು ಮುದುಕರು. ನಾನಾಗಿದ್ದರೆ ಕ್ಯಾಂಟೀನಿನ ಲೋಟಗಳು ನಡುಗುವ ಹಾಗೆ ಬಾರಿಸಿ ಎಲ್ಲರನ್ನೂ ಎಳೆದು ತರುತ್ತಿದ್ದೆ. ಅವರು ತಿರುಗಾ ಮುರುಗಾ ಮಾಡಿದರು. ನಾದವನ್ನು ಇಳಿಸಿದರು, ಇನ್ನೂ ಇಳಿಸಿದರು. ಈದ ಆಕಳ ಬೆನ್ನು ಸವರುವ ಹಾಗೆ ಎಡಗೈ ಆಡುತ್ತಿತ್ತು. ತಲೆಯ ಮೇಲಿನ ಫ್ಯಾನಿನ ಸದ್ದು ಅದಕ್ಕಿಂತ ಹೆಚ್ಚಾಗಿ ಕೇಳಿತು. ಕ್ಯಾಂಟೀನಿನಲ್ಲಿದ್ದವರು ಏನೂ ಕೇಳಿಸದೆ, ಮುಗಿಯಿತೋ ಏನೋ ಎಂದು ಲೋಟ ಹಿಡಿದೇ ಬಾಗಿಲಿಗೆ ಬಂದರು. ಬಂದವರು ಅಲ್ಲೇ ನಿಂತರು. ಲೋಟ ಹುಡುಕುತ್ತ ಕ್ಯಾಂಟೀನಿನ ಭಟ್ಟರು ಬಂದರು, ಅವರೂ ನಿಂತರು. ಹಿಂದಿನಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಒಬ್ಬರೂ ಕದಲಲಿಲ್ಲ. ನನ್ನ ಮೈಮೇಲಿನ ಕೂದಲು ಮುಳ್ಳಾಗಿ ನಿಂತಿದ್ದವು.

ಚಪ್ಪಾಳೆಯೆಲ್ಲ ಆದ ಮೇಲೆ ಆ ದಪ್ಪ ಮನುಷ್ಯರು ತಮ್ಮ ಲೋಟದೊಳಗೆ ನೋಡಿಕೊಂಡರು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. "ಇವರು ಇಂಥವರು ಅಂತ ಮೊದಲೇ ಹೇಳಬಾರದಿತ್ತಾ ಮಾರಾಯ?" ಎಂದು ನನ್ನನ್ನೇ ಗದರಿಸಿದರು. "ಬಾಗಿಲಲ್ಲಿ ಸುಮ್ಮನೆ ಕೈ ಚಾಚಿ ನಿಂತರೆ ನಮಗೇನು ಗೊತ್ತಾಗಬೇಕು?"

ತೊಡೆಯ ಕೆಳಗಿನ ಕೈ

ಮುಂದಿನದು ತಬಲಾ, ನಮ್ಮ ಗ್ರಾಂಟ್ ರೋಡಿನಲ್ಲೇ, ಅಂಗಡಿಯೊಂದರ ಮಹಡಿಯ ಮೇಲೆ. ಬಾರಿಸುವವರು ದೊಡ್ಡ ಉಸ್ತಾದರು. ಪಕ್ಕದಲ್ಲಿ ಹಾರ್ಮೋನಿಯಂನವನು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದ.

"ಪಾಪ, ಇಂವಗ ಬರೋದು ಅಷ್ಟನ ಏನ್ರಿ ಕಾಕಾ?"

"ಅದು ಗ್ವಾಡಿ. ಚಿತ್ರ ತಗಿಯೋದು ತಬಲಾ. ಗ್ವಾಡಿ ನೆಟ್ಟಗ ಇದ್ರ ಚಿತ್ರ ಕಾಣ್ತದ. ಸುಮ್ನ ಕೂಡು."

ತಾಳ ಒಂದು ಸುತ್ತು ಸುತ್ತಿ ಮೊದಲ ಪೆಟ್ಟಿಗೆ ಬಂದು ಕೂಡುವ ಜಾಗಕ್ಕೆ ಸಮ್ ಎನ್ನುತ್ತಾರೆ. ಉಸ್ತಾದರು ಎಲ್ಲೆಲ್ಲೋ ಅಡ್ಡಾಡಿ ಸರಿಯಾಗಿ ಅಲ್ಲಿಗೆ ಬಂದು ಇಳಿದರೆ ತಿಳಿದವರೆಲ್ಲ ಒಟ್ಟಿಗೆ ಕೈ ಎತ್ತಿ ಆಹಾ ಎನ್ನಬೇಕು. ಎರಡು ಸಲ ನೋಡಿದೆ, ಕಲಿತುಬಿಟ್ಟೆ. ಮೂರನೆಯ ಸಲ ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಬಹಳವೇ ಮೊದಲಾಯಿತು. ಇಡೀ ಬೈಠಕ್ಕಿನಲ್ಲಿ ನನ್ನದೊಂದೇ ಕೈ, ಟ್ರಾಮು ನಿಲ್ಲಿಸುವವನ ಹಾಗೆ.

ಉಸ್ತಾದರ ಕಣ್ಣು ನನ್ನ ಮೇಲೆ ಬಿತ್ತು. ಅಲ್ಲಿಂದ ಮುಂದೆ ಅವರಿಗೆ ನಾನೇ ಆಟ. ಇಗೋ ಇಳಿದೆ ಎನ್ನುವ ಹಾಗೆ ಬರುವುದು, ನಾನು ಕೈ ಎತ್ತುವುದು, ಅವರು ಜಾರಿ ಮುಂದೆ ಹೋಗುವುದು. ಕಡೆಗೆ ಕಾಕಾ ನನ್ನ ಬಲಗೈಯನ್ನು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು. ಎಡಗೈ ಎದ್ದಿತು. ತಪ್ಪು ನನ್ನದಲ್ಲ. ಹತ್ತು ಬೆರಳಿನಿಂದ ಒಬ್ಬ ಮನುಷ್ಯ ಇಡೀ ಸಭೆಯ ಉಸಿರನ್ನು ಹಗ್ಗ ಕಟ್ಟಿ ಎಳೆಯುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮುಗಿದ ಮೇಲೆ ಉಸ್ತಾದರು ಕಾಕಾ ಅವರನ್ನು ಕರೆದು ಹಿಂದಿಯಲ್ಲಿ ಹೇಳಿದರು: "ಈ ಹುಡುಗನನ್ನು ಪ್ರತಿ ಸಲ ಕರೆದುಕೊಂಡು ಬನ್ನಿ. ಇವನು ಎಲ್ಲಿ ತಪ್ಪಿ ಕೈ ಎತ್ತುತ್ತಾನೋ ಅಲ್ಲಿ ನನ್ನ ಕೈ ಸರಿ ಇದೆ ಎಂದು ಅರ್ಥ."

ಮರುದಿನ ಅಂಗಡಿಯಲ್ಲಿ ಎಲ್ಲರಿಗೂ ತಿಳಿಸಿದೆ: ಉಸ್ತಾದರು ಇನ್ನು ಮೇಲೆ ನಾನಿಲ್ಲದೆ ಬಾರಿಸುವುದಿಲ್ಲವಂತೆ.

ಕೇಕಿನಲ್ಲಿ ಕೋಲು

ಅಂಗಡಿಯ ದರ್ಜಿ ಗೋವಾದವನು. ಸಾಂತಾಕ್ರೂಜ್‌ನಲ್ಲಿ ತನ್ನ ಕಡೆಯವರ ಮದುವೆಯ ಊಟವಿದೆ, ಬಾ ಎಂದ. ಅಲ್ಲಿ ಬ್ಯಾಂಡಿನ ನಡುವೆ ಒಬ್ಬನೇ ಮನುಷ್ಯ, ಸುತ್ತ ಡ್ರಮ್ಮುಗಳು, ಹಿತ್ತಾಳೆಯ ತಟ್ಟೆಗಳು, ಕಾಲಿಗೂ ಒಂದು ಡ್ರಮ್ಮು. ನಮ್ಮೂರಿನ ಇಡೀ ಮೇಳದ ಕೆಲಸ ಅವನೊಬ್ಬನ ತಲೆಯ ಮೇಲೆ.

ಉಳಿದವರು ಸುಮ್ಮನಾದರು. ಅವನು ಶುರು ಮಾಡಿದ. ಅಬ್ಬಬ್ಬಾ, ಏನು ಸದ್ದು. ಕೋಲುಗಳನ್ನು ಮೇಲೆ ಹಾರಿಸಿ ಹಿಡಿದ, ಬೆನ್ನ ಹಿಂದಿನಿಂದ ಹಿಡಿದ, ಹಲ್ಲು ಕಿರಿದ. ಮೊದಲು ನಾನು ಬಾಯಿ ತೆರೆದೆ. ಆದರೆ ಸ್ವಲ್ಪ ಹೊತ್ತಿಗೆ ಕಣ್ಣು ಕೋಲು ನೋಡುತ್ತಿತ್ತು, ಕಿವಿ ಊಟದ ಕಡೆ ಹೋಗಿತ್ತು. ಪಾತ್ರೆಗಳ ಅಂಗಡಿಯಲ್ಲಿ ಬೆಕ್ಕು ಹೊಕ್ಕ ಹಾಗಿತ್ತು. ಎಲ್ಲಿಂದ ಹೊರಟ, ಎಲ್ಲಿಗೆ ಬಂದ, ಒಂದೂ ಇಲ್ಲ.

ಅಷ್ಟರಲ್ಲಿ ಹಾರಿಸಿದ ಒಂದು ಕೋಲು ಕೆಳಗೆ ಬರಲಿಲ್ಲ, ಅಂದರೆ ಅವನ ಕೈಗೆ ಬರಲಿಲ್ಲ. ಮೂರು ಅಂತಸ್ತಿನ ಮದುವೆಯ ಕೇಕಿನ ನೆತ್ತಿಗೆ ಬಾವುಟದ ಕಂಬದ ಹಾಗೆ ನೆಟ್ಟು ನಿಂತಿತು. ಮದುಮಗಳು ಕಿರುಚಿದಳು. ಆದರೆ ತಾಳ ನಿಲ್ಲಲಿಲ್ಲ. ಅವನ ಮುಖದ ನಗು ಹೋಯಿತು, ಬೆವರು ಬಂತು, ಒಂದು ಕೋಲು, ಒಂದು ಅಂಗೈ, ಒಂದು ಕಾಲು, ಇಷ್ಟರಲ್ಲೇ ಬಾರಿಸತೊಡಗಿದ. ಆಗ ಬಂತು ನೋಡಿ ನಿಜವಾದದ್ದು. ಒಂದೊಂದು ಪೆಟ್ಟೂ ಲೆಕ್ಕ ಹಿಡಿದು ಬಿತ್ತು. ತಿನ್ನುತ್ತಿದ್ದವರ ಚಮಚಗಳು ನಿಂತವು.

ಮದುಮಗಳ ಮಾವ ಕೇಕಿನಿಂದ ಕೋಲನ್ನು ಕಿತ್ತು ಗೌರವದಿಂದ ತಂದುಕೊಟ್ಟ. ಒರೆಸುವಷ್ಟು ಪುರಸತ್ತು ಯಾರಿಗಿತ್ತು? ಅವನು ಅದೇ ಕೋಲಿನಿಂದ ದೊಡ್ಡ ತಟ್ಟೆಗೆ ಕೊನೆಯ ಪೆಟ್ಟು ಹಾಕಿದ. ಮದುವೆಯ ಕೇಕು ಎಲ್ಲರಿಗಿಂತ ಮೊದಲು ಸಿಕ್ಕಿದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ, ಮೂಗಿನ ಮೇಲೆ.

ನಳದ ನೀರು

ಗಣಪತಿ ಬಂದ. ನನ್ನ ಸರತಿ ಸಂಜೆಗೆ. ಮಳೆಯ ಹಸಿಗೆ ಡೊಳ್ಳಿನ ಚರ್ಮ ಹಳೆಯ ಹಪ್ಪಳವಾಗಿತ್ತು. ಎದುರು ಖೋಲಿಯಲ್ಲಿ ಬೆಳಗಾವಿಯ ಹೆಂಗಸೊಬ್ಬಳು, ಚಾಳ್‌ಗೆಲ್ಲ ವೈನಿ, ಅಂದರೆ ಅತ್ತಿಗೆ. ಅವಳ ಇದ್ದಲಿನ ಶೇಗಡಿಯ ಮುಂದೆ ಹಿಡಿದು ಕಾಯಿಸಿದೆ.

"ಬದನಿಕಾಯಿ ಸುಡೋ ಹೊತ್ತಿನ್ಯಾಗ ಇದೇನು ಸುಡ್ತೀಯೋ?" ಎಂದಳು ವೈನಿ.

"ಸಂಜಿಕೆ ಕೇಳ್ರಿ ವೈನಿ, ಊಟಾನ ಮರೀತೀರಿ."

ಚಾಳ್‌ನ ಅಂಗಳದಲ್ಲಿ ಗಣಪತಿ, ಮುಂದೆ ಜಮಖಾನೆಯ ಮೇಲೆ ಮಂದಿ, ಗ್ಯಾಲರಿಗಳ ತುಂಬ ಮಂದಿ. ಮೂಲೆಯ ನಳದ ಮುಂದೆ ಹೆಂಗಸರ ಕೊಡಗಳು ಸಾಲಾಗಿ ಕಾಯುತ್ತಿದ್ದವು. ಮುಂಜಾನೆಯ ಹಾಗೆ ಸಂಜೆಯೂ ನೀರು ಸ್ವಲ್ಪವೇ ಹೊತ್ತು ಬರುತ್ತದೆ. ಅದು ಬಂತೆಂದರೆ ಚಾಳ್‌ನಲ್ಲಿ ಮಂಗಳಾರತಿಯೂ ಅರ್ಧಕ್ಕೆ ನಿಲ್ಲುತ್ತದೆ.

ಎಮ್ಮೆಯ ಕಣ್ಣಿ ಹರಿಯುವ ಪೆಟ್ಟಿನಿಂದಲೇ ಶುರು ಮಾಡಿದೆ. ಮಕ್ಕಳು ಕಿವಿ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಲಿ ಹುಡುಕುವುದು ಕಂಡಿತು. ಕಾಕಾ ನನ್ನನ್ನು ನೋಡಲಿಲ್ಲ, ರೈಲಿನ ಟೈಮು ನೆನೆಯುವವರ ಹಾಗೆ ಆಕಾಶ ನೋಡಿದರು. ಇನ್ನು ಉಳಿದದ್ದು ಒಂದೇ ಎಂದು ಮದುವೆಯ ಡ್ರಮ್ಮಿನವನ ಹಾಗೆ ಕೋಲು ಹಾರಿಸಿದೆ. ಅದು ಎರಡನೆಯ ಮಹಡಿಯಲ್ಲಿ ಒಣಹಾಕಿದ್ದ ಸೀರೆಯೊಳಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ಆದರೆ ನಾನು ನಿಂತೆನೇ? ಎರಡೂ ಅಂಗೈಯಿಂದ ಬಾರಿಸತೊಡಗಿದೆ. ಡೊಳ್ಳಿನ ಗಂಟಲು ಇಳಿಯಿತು. ಮಾಟುಂಗದ ಮುದುಕರು ನೆನಪಾದರು, ಇನ್ನೂ ಇಳಿಸಿದೆ. ಮಳೆ ಬರುವ ಮೊದಲು ದೂರದಲ್ಲಿ ಗುಡುಗುವ ಹಾಗೆ, ಬೆರಳಿನ ತುದಿಯಲ್ಲಿ. ಅಂಗಳ ಸದ್ದಿಲ್ಲದಾಯಿತು. ಚಪ್ಪಲಿ ಹುಡುಕುತ್ತಿದ್ದವರು ಚಪ್ಪಲಿ ಹಿಡಿದೇ ಕುಳಿತರು. ಇಳಿದೆ ಎನ್ನುವ ಹಾಗೆ ಬಂದು ಜಾರಿದೆ. ಒಂದು ಕೈ ತಪ್ಪಿ ಮೇಲೆದ್ದಿತು. ಯಾರದೆಂದು ನೋಡಿದರೆ, ಸಾಕ್ಷಾತ್ ಕಾಕಾ ಅವರದು.

ಅದೇ ಹೊತ್ತಿಗೆ ಮೂಲೆಯ ನಳ ಗೊರಗೊರ ಎಂದಿತು. ನೀರು ಬಂತು. ನನಗೆ ಕೇಳಿಸಿತು, ದೇವರಾಣೆಗೂ ಕೇಳಿಸಿತು. ಉಳಿದ ಯಾರಿಗೂ ಕೇಳಿಸಲಿಲ್ಲ. ಮುಂಬಯಿಯಲ್ಲಿ ನಳ ಸುರಿಯುತ್ತಿದೆ, ಒಬ್ಬ ಹೆಂಗಸೂ ತಿರುಗಿ ನೋಡುತ್ತಿಲ್ಲ. ನನಗೇ ನನ್ನ ಕೈಗಳ ಭಯವಾಯಿತು. ನಾನು ಮುಗಿಸುವುದಕ್ಕೂ ನಳ ಮುಗಿಸುವುದಕ್ಕೂ ಸರಿಹೋಯಿತು.

ಚಪ್ಪಾಳೆ ಬಹಳ ಬಂತು. ಚಪ್ಪಾಳೆಯ ಹಿಂದೆಯೇ ವೈನಿ ಬಂದಳು, ಸೊಂಟದ ಮೇಲೆ ಬರಿ ಕೊಡ, ಬೆನ್ನಿಗೆ ಚಾಳ್‌ನ ಹೆಂಗಸರು.

"ಕಾಕಾ, ಈ ಡೊಳ್ಳು ಇವತ್ತ ಊರಿಗೆ ಹೋಗ್ಬೇಕು. ಮಕ್ಕಳಿಗೆ ಕುಡಿಯಾಕ ನೀರಿಲ್ಲ."

"ಮಾತು ಕೊಟ್ಟೀನಿ ತಂಗಿ," ಎಂದರು ಕಾಕಾ. "ನೀನೂ ಏಳಲಿಲ್ಲ, ನಾನೂ ಏಳಲಿಲ್ಲ. ಡೊಳ್ಳು ಗೆದ್ದದ."

ವೈನಿ ಕೊಡ ಕೆಳಗಿಟ್ಟಳು. "ಹಂಗಾರ ಇರಲಿ. ಆದ್ರ ಸುಮ್ನ ಇರಬಾರದು. ದಿನಾ ಮುಂಜಾನೆ ನೀರ ಬಂದ ಕೂಡಲೆ ಬಾರಸಿ ಎಲ್ಲಾರ್ನೂ ಎಬ್ಬಸಲಿ. ಕಳಕೊಂಡಿದ್ದು ತುಂಬಿ ಕೊಡಲಿ."

ಹಾಗಾಗಿ ಈಗ ನನ್ನ ಡೊಳ್ಳಿಗೆ ನಳದ ಪಕ್ಕದಲ್ಲಿ ಗೂಟ, ಮೇಲೊಂದು ತಗಡು. ಕಾಕಾ ಅವರ ಕಾಲು ಖೋಲಿಯೊಳಗೆ ಬಂದಿವೆ. ಮಾಟುಂಗದಲ್ಲಿ ತನಿ ಶುರುವಾದರೆ ಅರ್ಧ ಸಭೆ ಏಳುತ್ತದೆ. ನನ್ನದು ಶುರುವಾದರೆ ಮೂರೂ ಮಹಡಿ ಎದ್ದು ಓಡುತ್ತವೆ, ಎಲ್ಲರಿಗಿಂತ ಮುಂದೆ ಕೊಡ ಹಿಡಿದ ಕಾಕಾ. ಒಬ್ಬ ಎದ್ದರೂ ರೈಲು ಹತ್ತುತ್ತೇನೆ ಎಂದಿದ್ದೆನಲ್ಲ, ಆ ಮಾತು ಹಿಡಿದರೆ ನಾನು ದಿನಾ ಬೆಳಿಗ್ಗೆ ಬಿಜಾಪುರಕ್ಕೆ ಹೋಗಬೇಕು.