ಆರು ಗಂಟೆ ಕಾಲು ಮಡಿಸಬೇಡಿ

ನನ್ನ ಡ್ಯೂಟಿಯಲ್ಲಿ ಇಂಥದ್ದೊಂದು ನಡೆಯದ ವಾರವೇ ಇರಲಿಲ್ಲ. ನಡೆಯಲಿಲ್ಲ ಅಂದರೆ ನಾನು ರಜೆಯಲ್ಲಿದ್ದೆ ಅಂತ ಅರ್ಥ. ಎಪ್ಪತ್ತರ ದಶಕವೆಲ್ಲ ಮಧುಗಿರಿಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚುತ್ತಿದ್ದ ನರ್ಸು ನಾನು. ಎಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಒಂದು ಹೃದಯದ ಆಸ್ಪತ್ರೆಗೆ ಬಂದೆ. ಆಗಿನ್ನೂ ಆಂಜಿಯೋಪ್ಲಾಸ್ಟಿ ಹೊಸದು. ತೊಡೆಸಂದಿನ ರಕ್ತನಾಳದಲ್ಲಿ ಕೊಳವೆ ತೂರಿಸಿ, ಎದೆಯವರೆಗೂ ಹೋಗಿ, ಕಟ್ಟಿಕೊಂಡ ನಾಳವನ್ನು ಸಣ್ಣ ಬಲೂನಿನಿಂದ ಬಿಡಿಸುವುದು. ಡಾಕ್ಟರ ಕೆಲಸ ಅಲ್ಲಿಗೆ ಮುಗಿಯಿತು, ನಮ್ಮದು ಅಲ್ಲಿಂದ ಶುರು. ಕೊಳವೆ ತೆಗೆದ ಜಾಗದಲ್ಲಿ ರಕ್ತ ಚಿಮ್ಮದಂತೆ ಮರಳಿನ ಚೀಲ ಹೇರಿ, ಆರು ಗಂಟೆ ಕಾಲು ಮಡಿಸದೆ ಮಲಗಿಸಿ ಕಾಯಬೇಕು. ನಮ್ಮ ಕಡೆಯ ರೋಗಿ ಬಂದರೆ ಸಾಕು, "ಸಿಸ್ಟರ್, ನಿಮ್ಮೂರೋರು" ಅಂತ ನನಗೇ ಒಪ್ಪಿಸುತ್ತಿದ್ದರು.

ಕುರಿ ಯಜಮಾನರು

ಸಿರಾ ತಾಲ್ಲೂಕಿನ ಬರಗೂರು ಕಡೆಯವರು, ಕುರಿ ಮೇಯಿಸಿಕೊಂಡು ಬದುಕಿದವರು. ಒಂದು ಕಡೆ ನಿಂತು ಗೊತ್ತಿಲ್ಲದ ಕಾಲು. ಅದಕ್ಕೇ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ: "ಅಲ್ಲಾಡಬಾರದು ಯಜಮಾನ್ರೇ. ಅಲ್ಲಾಡಿದ್ರೆ ರಕ್ತ ಬರುತ್ತೆ."

ಅರ್ಧ ಗಂಟೆ ಬಿಟ್ಟು ಬಂದು, "ಎದೆ ನೋವಿದೆಯಾ?" ಅಂದೆ. ಉತ್ತರವಿಲ್ಲ. "ಯಜಮಾನ್ರೇ!" ಅಂದೆ. ಕಣ್ಣು ಪಿಳಿಪಿಳಿ ಬಿಟ್ಟರು, ಮಾತಿಲ್ಲ. "ಕೈ ಎತ್ತಿ" ಅಂದರೆ ಕೈಯೂ ಇಲ್ಲ. ರಕ್ತದ ಗಡ್ಡೆ ಮೆದುಳಿಗೆ ಹೋಗಿ ಮಾತೇ ಬಿದ್ದುಹೋಯಿತೇನೋ ಅಂತ ಡಾಕ್ಟರನ್ನು ಕೂಗಿದೆ. ಡಾಕ್ಟರು ಓಡಿಬಂದು ಕಣ್ಣಿಗೆ ಟಾರ್ಚು ಹಾಕಿದರು. ಬಾಗಿಲಲ್ಲಿದ್ದ ಹೆಂಡತಿ ಒಳಗೆ ನುಗ್ಗಿ, "ಅಯ್ಯೋ, ಏನಾಗ್ಬುಡ್ತು ನಿಂಗೆ? ಒಂದ್ ಮಾತಾಡು" ಅಂತ ಗೋಳಾಡಿದರು.

ಹೆಂಡತಿ ಅಳುವುದನ್ನು ನೋಡಲಾರದೆ ಯಜಮಾನರು ತುಟಿಯನ್ನು ಎಳ್ಳಷ್ಟೇ ಬಿಚ್ಚಿದರು.

"ನಾಲ್ಗೆ ಅಲ್ಲಾಡುಸ್ಬೋದಾ ಕೇಳು."

ಕಂಡಕ್ಟರ್

ಇವರು ಮಧುಗಿರಿ–ಪಾವಗಡ ಬಸ್ಸಿನ ಕಂಡಕ್ಟರ್. ಬಲೂನು ಹಾಕುವಾಗ ರಕ್ತಕ್ಕೆ ಬಿಟ್ಟ ಔಷಧಿ ಮೂತ್ರದಲ್ಲಿ ಹೊರಗೆ ಹೋಗಬೇಕು, ಅದಕ್ಕೆ ಚೆನ್ನಾಗಿ ನೀರು ಕುಡಿಸುತ್ತಿದ್ದೆವು. ಎರಡು ಜಗ್ ಕುಡಿದರು. ಆದರೆ ಮಲಗಿಕೊಂಡು ಪಾತ್ರೆಯೊಳಗೆ ಮಾಡಿ ಅಂದರೆ ಒಂದು ಹನಿ ಇಲ್ಲ. ಹೊಟ್ಟೆ ಮೃದಂಗವಾಯಿತು, ಹಣೆಯಲ್ಲಿ ಬೆವರು.

"ಒಂದೇ ನಿಮಿಷ ನಿಂತ್ಕೊತೀನಿ ಸಿಸ್ಟರ್."

"ನಿಂತರೆ ರಕ್ತನಾಳ ಬಿಟ್ಟುಕೊಳ್ಳುತ್ತೆ. ಜೀವದ ಮೇಲೆ ಬರುತ್ತೆ."

ನಲ್ಲಿ ತಿರುಗಿಸಿ ನೀರಿನ ಶಬ್ದ ಕೇಳಿಸಿದೆ. ಅಕ್ಕಪಕ್ಕದ ಇಬ್ಬರು ಪಾತ್ರೆ ಕೇಳಿದರು, ಇವರಿಗೆ ಮಾತ್ರ ಏನೂ ಆಗಲಿಲ್ಲ. ಕೊನೆಗೆ, "ಟ್ಯೂಬ್ ಹಾಕಿ ತೆಗೀಬೇಕಾಗುತ್ತೆ" ಅಂದೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು.

"ಬೇಜಾರು ಮಾಡ್ಕೋಬೇಡಿ. ಎದುರುಗಡೆ ಗೋಡೆಗೆ ಒಂದು ಬೋರ್ಡು ಬರೆದು ಹಾಕ್ತೀರಾ?"

"ಏನಂತ?"

"'ಇಲ್ಲಿ ಮೂತ್ರ ಮಾಡಬಾರದು' ಅಂತ. ಇಷ್ಟು ವರ್ಷ ಸರ್ವೀಸಿನಲ್ಲಿ ಅದನ್ನ ನೋಡ್ಕೊಂಡೇ ಅಭ್ಯಾಸ."

ಹಳೇ ಚಾರ್ಟಿನ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಪರದೆ ಎಳೆದು ಆಚೆ ಬಂದೆ. ಐದೇ ನಿಮಿಷ. ಎರಡನೇ ಪಾತ್ರೆ ಬೇಕಾಯಿತು.

ಮೇಷ್ಟ್ರು

ಕೊರಟಗೆರೆಯ ಕನ್ನಡ ಮೇಷ್ಟ್ರು, ನಿವೃತ್ತರು. ಯಾರಿಗೂ ತೊಂದರೆ ಕೊಡಬಾರದು ಅನ್ನುವ ಸ್ವಭಾವ. ಎಷ್ಟು ಅಂದರೆ, ತೊಡೆಯ ಕೆಳಗೆ ಬೆಚ್ಚಗೆ ಒದ್ದೆಯಾಗುತ್ತಿದ್ದರೂ, ಸಿಸ್ಟರ್ ಊಟಕ್ಕೆ ಕೂತಿದ್ದಾರೆ ಅಂತ ಸುಮ್ಮನೆ ಮಲಗಿದ್ದರು. ನಾನು ಕೈ ತೊಳೆದು ಬಂದು ಹೊದಿಕೆ ಎತ್ತಿದರೆ ಹಾಸಿಗೆಯೆಲ್ಲ ಕೆಂಪು. ಮರಳಿನ ಚೀಲ ಜಾರಿ ಅತ್ತ ಬಿದ್ದಿದೆ. ಮುಖ ಬಿಳಿಚಿಕೊಂಡಿದೆ, ನಾಡಿ ಸಿಗುವುದೇ ಕಷ್ಟ.

ಕೂಗು ಹಾಕಿದೆ. ಒಬ್ಬರು ಸಲೈನ್ ಜೋರು ಮಾಡಿದರು, ಒಬ್ಬರು ಮಂಚದ ಕಾಲಿನ ಕಡೆ ಎತ್ತರಿಸಿದರು. ನಾನು ಆ ಜಾಗದ ಮೇಲೆ ಎರಡೂ ಕೈಯಿಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಅರ್ಧ ಗಂಟೆ ಕೈ ತೆಗೆಯುವ ಹಾಗಿಲ್ಲ. "ಮಾತಾಡ್ತಾ ಇರಿ ಮೇಷ್ಟ್ರೇ, ನಿದ್ದೆ ಹೋಗಬೇಡಿ" ಅಂತ ಬೇಡಿಕೊಳ್ಳುತ್ತಿದ್ದೆ. ಅವರ ಕಣ್ಣು ಮುಚ್ಚಿದಾಗಲೆಲ್ಲ ಇನ್ನೂ ಜೋರಾಗಿ ಕೂಗುತ್ತಿದ್ದೆ.

ಕಡೆಗೆ ರಕ್ತ ನಿಂತಿತು, ತುಟಿಗೆ ಬಣ್ಣ ಬಂತು. ಮೇಷ್ಟ್ರು ನನ್ನನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು: "ಜೀವಮಾನವೆಲ್ಲ ಮಕ್ಕಳಿಗೆ 'ಒತ್ತು ಕೊಡ್ರೋ, ಒತ್ತು ಕೊಡ್ರೋ' ಅಂತ ಬಡ್ಕೊಂಡೆ ತಾಯಿ. ಒತ್ತು ಬಿಟ್ರೆ ಅರ್ಥ ಕೆಡುತ್ತೆ ಅಂತ ಮಾತ್ರ ಗೊತ್ತಿತ್ತು. ಮನುಷ್ಯನೇ ಹೋಗಿಬಿಡ್ತಾನೆ ಅಂತ ಇವತ್ತು ಗೊತ್ತಾಯ್ತು."

ಅಜ್ಜಿ

ಪಾವಗಡದ ವಳ್ಳೂರು ಕಡೆಯ ಅಜ್ಜಿ. ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದವರು, ಊರಾಚೆ ಕೇರಿಯವರು. ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಅಂತ ಕಾಲು ಗಂಟೆಗೊಮ್ಮೆ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಬೇಕು. ಮೊದಲ ಸಲ ಮುಟ್ಟಿದ್ದೇ ತಡ, ಅಜ್ಜಿ ಗಾಬರಿಯಾಗಿ ಕಾಲು ಎಳೆದುಕೊಳ್ಳಲು ಹೊರಟರು.

"ಬ್ಯಾಡ ಕಣಮ್ಮ! ನಮ್ ಕಾಲು ಯಾಕೆ ಮುಟ್ತೀಯ?"

"ಮಡಿಸಬೇಡಿ ಅಜ್ಜೀ!" ಅಂತ ಮಂಡಿಯನ್ನು ಒತ್ತಿ ಹಿಡಿದೆ.

ಅಜ್ಜಿ ಕಾಲು ಎಳೆಯುವುದು ಬಿಟ್ಟರು. "ಹುಟ್ಟಿದಾಗಿಂದ ಯಾರೂ ನನ್ ಕಾಲು ಮುಟ್ಟಿಲ್ಲ" ಅಂದು, ಕೈಯೆತ್ತಿ ಹರಸಿದರು: "ಚಲ್ಲಗಾ ಉಂಡು ತಲ್ಲೀ. ತಣ್ಣಗಿರವ್ವ."

ನಾಡಿ ನೋಡಿದ್ದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅಲ್ಲಿಂದ ಕಾಲು ಗಂಟೆಗೊಂದು ಆಶೀರ್ವಾದ. ಮುತ್ತೈದೆತನ ಬಂತು, ಚಿನ್ನದ ಬಳೆ ಬಂತು, ಎಂಟು ಗಂಡುಮಕ್ಕಳು ಬಂದರು.

"ಅಜ್ಜೀ, ಎರಡೇ ಸಾಕು ಅಂತ ಆಪರೇಷನ್ ಆಗಿದೆ."

"ಅಂಗಾರೆ ಆ ಎಂಟೂ ನಿನ್ ಮಗಳಿಗಾಗ್ಲಿ ಬುಡು."

ಮೂರನೇ ಗಂಟೆಯ ಹೊತ್ತಿಗೆ ಆಶೀರ್ವಾದವೆಲ್ಲ ಮುಗಿದು, ಮತ್ತೆ ಮೊದಲಿನಿಂದ ಶುರುವಾಗಿತ್ತು. ಆಗಲೇ ಪಾದ ಯಾಕೋ ತಣ್ಣಗಿದೆ ಅನ್ನಿಸಿತು. ಬೆರಳಿಟ್ಟರೆ ನಾಡಿ ಸಿಗುತ್ತಿಲ್ಲ. ನಾಳ ಮುಚ್ಚಿಕೊಂಡಿದ್ದರೆ ಕಾಲೇ ಹೋಗುತ್ತದೆ. ಓಡಿಹೋಗಿ ದೊಡ್ಡ ಡಾಕ್ಟರನ್ನು ಕರೆತಂದೆ.

ದೊಡ್ಡ ಡಾಕ್ಟರೆಂದರೆ ಐವತ್ತೈದು ದಾಟಿದವರು, ವಿದೇಶದಲ್ಲಿ ಕಲಿತವರು. ಅವರ ಬೂಟಿನ ಸದ್ದು ಕೇಳಿದರೆ ಇಡೀ ವಾರ್ಡು ನೆಟ್ಟಗಾಗುತ್ತಿತ್ತು. ಬಂದವರೇ ಮಂಚದ ಬುಡದಲ್ಲಿ ಬಗ್ಗಿ, ಎರಡೂ ಪಾದಗಳ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿದರು. ಒಂದು ನಿಮಿಷ, ಎರಡು ನಿಮಿಷ. "ಬ್ಯಾಂಡೇಜ್ ಬಿಗಿಯಾಗಿದೆ, ಸಡಿಲ ಮಾಡಿ" ಅಂದರು. ಮಾಡಿದೆ. ಮತ್ತೆ ಕೈಯಿಟ್ಟು ಬಗ್ಗಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು, ನಾಡಿ ಬಂದಿತ್ತು.

ಬಗ್ಗಿದ್ದ ಆ ಬೋಳುತಲೆಯ ಕಡೆ ಅಜ್ಜಿ ಪ್ರೀತಿಯಿಂದ ಕೈ ಎತ್ತಿದರು.

"ಏಳಪ್ಪಾ, ಸಾಕು. ಈ ಸಲ ನೀನು ಪಾಸಾಗ್ತೀಯ."