ಬೆಲ್ಲ ಬಿಟ್ಟ ಅಪ್ಪ ಮಗಳು

ಕಬ್ಬು ಬೆಳೆಯೋ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಬರದಂಗೆ ತಡೀತೀನಿ ಅಂತ ಹೊರಟವಳಿಗೆ ವಾರಕ್ಕೊಂದಾದರೂ ನಗೆಪಾಟಲು ಕಾದೇ ಇರುತ್ತೆ. ನಾನು ಆರೋಗ್ಯ ಇಲಾಖೆಯವಳು, ಜನ ಸಿಸ್ಟರ್ ಅಂತಾರೆ. ಕೊತ್ತತ್ತಿ ಕಡೆಯ ಒಂದು ಹಳ್ಳಿಯಲ್ಲಿ, ವಯಸ್ಸಿಗೆ ಮೀರಿ ತೂಕ ಇರೋ ಹೈಸ್ಕೂಲು ಮಕ್ಕಳಿಗೆ ಪ್ರತಿ ಭಾನುವಾರ ನಡಿಗೆ, ಆಟ, ಊಟದ ಪಾಠ ಅಂತ ಒಂದು ಕಾರ್ಯಕ್ರಮ ನಡೆಸ್ತೀನಿ. ಹನ್ನೊಂದು ಮಕ್ಕಳು. ನನಗೇ ಸಕ್ಕರೆ ಕಾಯಿಲೆ ಇದೆ ಅನ್ನೋದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ನೀವು ಆಡಿಕೊಳ್ಳೋದು ಬೇಡ.

ಖಾಲಿ ಹೊಟ್ಟೆ

ಮೊದಲನೇ ಭಾನುವಾರ ರಕ್ತ ಪರೀಕ್ಷೆ. ಮಕ್ಕಳನ್ನ ಖಾಲಿ ಹೊಟ್ಟೆಯಲ್ಲಿ ಕರಕೊಂಡು ಬನ್ನಿ ಅಂತ ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. ಪರೀಕ್ಷೆ ಮಾಡಿದರೆ ಹತ್ತು ಮಕ್ಕಳಿಗೆ ಸಕ್ಕರೆ ಗಗನಕ್ಕೇರಿತ್ತು. ಒಬ್ಬ ತಾಯಿಯನ್ನ ಪಕ್ಕಕ್ಕೆ ಕರೆದು ಕೇಳಿದೆ.

"ಏನಾದ್ರೂ ತಿನ್ನಿಸಿದ್ರಾ?"

"ಅಯ್ಯೋ, ನಿಮ್ಮಾಣೆಗೂ ಇಲ್ಲ ಕಣಮ್ಮ."

"ಕಾಫಿ?"

"ಕಾಫಿ ಕೊಟ್ಟೆ. ಬರೀ ಕಾಫಿ ಹೆಂಗೆ ಕುಡಿದಾತು ಅಂತ ಎರಡು ಬನ್ನು. ರಕ್ತ ತಗೀತಾರೆ, ತಲೆ ಸುತ್ತೀತು ಅಂತ ಒಂದು ಲೋಟ ಕಬ್ಬಿನಾಲು."

"ಮತ್ತೆ ಖಾಲಿ ಹೊಟ್ಟೆ ಅಂದ್ರಲ್ಲ?"

"ಮುದ್ದೆ ಇಕ್ಕಿಲ್ವಲ್ಲಮ್ಮ!"

ನಮ್ಮ ಕಡೆ ಮುದ್ದೆ ಬೀಳೋವರೆಗೂ ಹೊಟ್ಟೆ ಖಾಲಿ ಅಂತಲೇ ಲೆಕ್ಕ. ಮುಂದಿನ ವಾರ ಮತ್ತೆ ಪರೀಕ್ಷೆ ಮಾಡಿದೆ, ಹತ್ತೂ ಮಕ್ಕಳದು ಇಳಿದಿತ್ತು. ಇರಬೇಕಾದ್ದಕ್ಕಿಂತ ಚೂರು ಮೇಲಿದ್ದು, ಇಳಿಯದೆ ಅಲ್ಲೇ ನಿಂತಿದ್ದು ಹನ್ನೊಂದನೇ ಹುಡುಗಿಯದು, ಒಂಬತ್ತನೇ ಕ್ಲಾಸಿನವಳು. ಅವಳೊಬ್ಬಳೇ ಎರಡು ಸಲವೂ ನಿಜವಾಗಿ ಏನೂ ತಿನ್ನದೆ ಬಂದಿದ್ದಳು. ಕಾಯಿಲೆ ಇನ್ನೂ ಬಂದಿರಲಿಲ್ಲ, ಹೊಸ್ತಿಲ ಹತ್ತಿರ ನಿಂತಿತ್ತು.

ಅವಳಪ್ಪ ಊರ ಆಲೆಮನೆಯಲ್ಲಿ ಪಾಕ ನೋಡೋನು. ಕುದಿಯೋ ಕಬ್ಬಿನ ಹಾಲು ಬೆಲ್ಲದ ಹದಕ್ಕೆ ಬಂತಾ ಇಲ್ಲವಾ ಅಂತ ಬಾಯಿಗೆ ಹಾಕಿಕೊಂಡು ಹೇಳೋದೇ ಅವನ ಕೆಲಸ. ಸಕ್ಕರೆ ಕಾಯಿಲೆಗೆ ಆಗಲೇ ಎರಡು ಕಾಲ್ಬೆರಳು ಕಳಕೊಂಡಿದ್ದ. ಕೋಲೂರಿಕೊಂಡು ಬಂದು ಮಗಳ ಚೀಟಿ ತಿರುಗಿಸಿ ಮುರುಗಿಸಿ ನೋಡಿದ.

"ನನ್ನಿಂದ್ಲೇ ಬಂತಾ ಸಿಸ್ಟರ್?"

"ಇನ್ನೂ ಬಂದಿಲ್ಲ. ತಡೀಬೋದು."

"ತಡೀರಿ. ನನ್ನ ಕಾಲು ಓದ್ರೂ ಓಗ್ಲಿ, ಇವಳಿಗೆ ಬರಬಾರ್ದು." ಅಷ್ಟು ಹೇಳಿ ಕಣ್ಣೊರೆಸಿಕೊಂಡ. ಆಮೇಲೆ ಜೇಬಿಗೆ ಕೈ ಹಾಕಿ, ಇಷ್ಟು ಒಳ್ಳೆ ಮಾತು ಹೇಳಿದ್ದಕ್ಕೆ ಅಂತ ನನ್ನ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟ!

ನಾಲೆ ಏರಿ

ನಡಿಗೆ ಅಂದರೆ ನಾಲೆ ಏರಿ ಮೇಲೆ ಸೇತುವೆ ತನಕ ಹೋಗಿ ಬರೋದು. ನನಗೆ ಮಂಡಿನೋವು, ಹಾಗಾಗಿ ಅರಳಿಕಟ್ಟೆ ಮೇಲೆ ಕೂತು ಕಳಿಸ್ತಿದ್ದೆ. ಮೂರನೇ ವಾರ ಮಕ್ಕಳು ಕಾಲು ಗಂಟೆಯಲ್ಲೇ ವಾಪಸ್ಸು. ಭೇಷ್ ಅಂತ ಚಪ್ಪಾಳೆ ತಟ್ಟಬೇಕು ಅಂತ ಎದ್ದರೆ, ಎಲ್ಲ ಟ್ರ್ಯಾಕ್ಟರಿನಿಂದ ಇಳೀತಾ ಇದ್ದಾವೆ. ಒಂದೊಂದರ ಕೈಯಲ್ಲೂ ಒಂದೊಂದು ಜಲ್ಲೆ ಕಬ್ಬು.

ಡ್ರೈವರನ್ನ ಹಿಡಕೊಂಡು ಉಗಿದೆ. "ಏನಯ್ಯಾ, ಮಕ್ಕಳು ನಡೀಲಿ ಅಂತ ತಾನೆ ಕಳಿಸಿರೋದು?"

"ನೋಡ್ಕಂಡು ಹೆಂಗಮ್ಮ ಓಗಾದು? ನಮ್ಮೂರ ಮಕ್ಳು ನಡ್ಕಂಡು ಓಯ್ತಾವೆ, ನಾನು ಖಾಲಿ ಗಾಡಿ ಓಡಿಸ್ಕಂಡು ಓದ್ರೆ ನಾಳೆ ಜನ ಮಕಕ್ಕೆ ಉಗುದಾರು."

ಮುಂದಿನ ವಾರ ಹೆಂಗಾದರಾಗಲಿ ಅಂತ ನಾನೇ ಜೊತೆಗೆ ನಡೆದೆ. ಅರ್ಧ ದಾರಿಗೆ ಮಂಡಿ ಮುಷ್ಕರ ಹೂಡಿತು. ಅಷ್ಟರಲ್ಲಿ ಹಿಂದುಗಡೆ ಅದೇ ಟ್ರ್ಯಾಕ್ಟರು. ಮಕ್ಕಳೆಲ್ಲ ನಡಕೊಂಡೇ ಬಂದರು. ಟ್ರ್ಯಾಕ್ಟರಿನಲ್ಲಿ ಬಂದವಳು ನಾನು.

ಆಣೆ

ಅಪ್ಪ ಮಗಳು ಒಬ್ಬರ ತಲೆ ಮೇಲೆ ಒಬ್ಬರು ಕೈಯಿಟ್ಟು ಬೆಲ್ಲ ಬಿಡ್ತೀವಿ ಅಂತ ಆಣೆ ಮಾಡಿದರು. ಮಗಳು ಬಿಟ್ಟಳು. ಆರು ತಿಂಗಳಲ್ಲಿ ಅವಳ ಸಕ್ಕರೆ ಹೊಸ್ತಿಲಿಂದ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು.

ಅಪ್ಪನ ಕಥೆ ಬೇರೆ. "ಬಾಯಿಗೆ ಆಕ್ದೆ ಪಾಕ ಹೆಂಗೆ ನೋಡ್ಲಿ?" ಅಂತ ಅವನ ವಾದ. ಮಗಳೇ ದಾರಿ ಹುಡುಕಿದಳು: ನೋಡು, ಆದರೆ ನುಂಗಬೇಡ, ಉಗಿ. ಶಾಲೆ ಬಿಟ್ಟವಳು ಸೀದಾ ಆಲೆಮನೆಗೆ ಹೋಗಿ ಕೊಪ್ಪರಿಗೆ ಪಕ್ಕ ಪೊಲೀಸಿನವಳಂಗೆ ನಿಲ್ಲೋಳು. ಅಪ್ಪ ಬಾಯಿಗೆ ಹಾಕಿದ ತಕ್ಷಣ ಮಣಿಕಟ್ಟು ಹಿಡಿದು, "ಉಗಿಯಪ್ಪಾ." ಆರಡಿ ಗಂಡಸು ಬಾಯಿ ಮುಚ್ಚಿಕೊಂಡು ಹೋಗಿ ಬೂದಿಗುಡ್ಡೆಗೆ ಉಗಿದು ಬರೋನು.

ಒಂದಿನ ನಾನೇ ನೋಡಲು ಹೋಗಿದ್ದೆ. ಉಗಿದು ಬಂದ ಮನುಷ್ಯನ ಕೆನ್ನೆ ಊದಿಕೊಂಡಿತ್ತು.

"ಬಾಯಲ್ಲೇನಪ್ಪಾ?" ಅಂದಳು ಮಗಳು.

"ಅಲ್ಲುನೋವು ಕಣವ್ವ."

"ನಿನ್ನೆ ಎಡಗಡೀಕಿತ್ತು, ಇವತ್ತು ಬಲಗಡೀಕೆ ಬಂತಾ?"

ಆಲೆಮನೆಯೇ ನಕ್ಕಿತು. ಅವನು ಮಾತ್ರ ತಲೆ ತಗ್ಗಿಸಿ, "ಏನ್ಮಾಡ್ಲಿ, ಬಾಯಿ ಕೇಳಾಕಿಲ್ಲ" ಅಂದ. ಆ ಮಳೆಗಾಲ ಅವನ ಕಾಲಿನ ಗಾಯ ಮೇಲಕ್ಕೆ ಹತ್ತಿತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ನನ್ನ ಕೈ ಹಿಡಕೊಂಡು, "ಮಗಳಿಗೆ ಎಷ್ಟದೆ ಈಗ?" ಅಂತ ಕೇಳಿದ. ಹೇಳಿದೆ. ನೆಮ್ಮದಿಯಾಗಿ ನಕ್ಕು, ಮಗಳು ಅತ್ತ ತಿರುಗಿದ್ದು ನೋಡಿಕೊಂಡು ಪಿಸುಗುಟ್ಟಿದ: "ಚೂರು ಬೆಲ್ಲ ಮಡಗಿದ್ದೀರಾ?"

ಅದೇ ವಾರ ಹೊರಟುಹೋದ.

ಕಾಗೆ

ಮೂರನೇ ದಿನ ಹಾಲುತುಪ್ಪ. ಹೊಲದಲ್ಲಿ ಮಣ್ಣು ಮಾಡಿದ ಗುಡ್ಡೆ ಮೇಲೆ ಹಾಲು ತುಪ್ಪ ಬಿಟ್ಟು, ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಟ್ಟು, ದೂರ ನಿಂತು ಕಾಗೆಗೆ ಕಾಯಬೇಕು. ಕಾಗೆ ಮುಟ್ಟಿದರೆ ಅವನಿಗೆ ಸಮಾಧಾನ ಅಂತ. ಮುದ್ದೆ, ಉಪ್ಸಾರು, ಕೋಳಿ ತುಂಡು, ಬೀಡಿ ಎಲ್ಲ ಇಟ್ಟಿದ್ದರು. ಬೆಲ್ಲ ಇರಲಿಲ್ಲ. ಇಡೋಕೆ ಮಗಳೇ ಬಿಟ್ಟಿರಲಿಲ್ಲ.

ಹಲಗೂರಿಂದ ಬಂದಿದ್ದ ಸೋದರತ್ತೆ ರೇಗಿದಳು. "ಸತ್ತೋನ್ಗೂ ಪಥ್ಯವೇನೆ?"

"ಡಾಕ್ಟ್ರು ಬ್ಯಾಡ ಅಂದವ್ರೆ" ಅಂದಳು ಹುಡುಗಿ, ಕಲ್ಲಿನಂಗೆ ನಿಂತುಕೊಂಡು.

ಗಂಟೆಯಾಯಿತು. ತೆಂಗಿನ ಗರಿ ಮೇಲೆ ಒಂದು ಕಾಗೆ ಕೂತಿದೆ, ಇಳೀತಾ ಇಲ್ಲ. ಇಂಥ ಹೊತ್ತಲ್ಲಿ ಸತ್ತವನ ಮನಸ್ಸಿಗೆ ಏನು ಕೊರಗೋ ಅಂತ ಒಬ್ಬೊಬ್ಬರೇ ಮಾತು ಕೊಡ್ತಾರೆ. "ನಿನ್ನ ಎಂಡ್ರ ನಾವು ನೋಡ್ಕತೀವಿ ಬಾರೋ" ಅಂದ ಸತ್ತವನ ತಮ್ಮ. ಕಾಗೆ ಅಲ್ಲಾಡಲಿಲ್ಲ. "ನಿನ್ನ ಮಗಳ್ನ ಓದುಸ್ತೀವಿ ಬಾರಪ್ಪ." ಊಹೂಂ. ಅವನ ಮುದಿ ತಾಯಿ ಬಿಕ್ಕುತ್ತಾ ಮೊಮ್ಮಗಳ ಗಲ್ಲ ಹಿಡಿದಳು. "ತಂದಿಕ್ಕು ಮಗಾ. ಅವನ್ಗೆ ಇನ್ಯಾವ ಕಾಲು ಓಯ್ತದೆ?"

ಹುಡುಗಿ ಮನೆಗೆ ಓಡಿ, ಅಪ್ಪ ಕಡೇ ಸಲ ಪಾಕ ನೋಡಿದ ಕೊಪ್ಪರಿಗೆಯ ಬೆಲ್ಲ ತಂದು ಎಲೆಯ ತುದಿಗೆ ಒಂದು ಅಚ್ಚಿಟ್ಟಳು. ಅವಳು ನಾಲ್ಕು ಹೆಜ್ಜೆ ಹಿಂದೆ ಬಂದಿದ್ದಳೋ ಇಲ್ಲವೋ, ಕಾಗೆ ದಡಕ್ಕನೆ ಇಳಿಯಿತು. ಕೋಳಿ ನೋಡಲಿಲ್ಲ, ಮುದ್ದೆ ನೋಡಲಿಲ್ಲ, ಸೀದಾ ಬೆಲ್ಲಕ್ಕೇ ಬಾಯಿ ಹಾಕಿತು.

ಹುಡುಗಿಗೆ ಅದೆಲ್ಲಿಂದ ಬಂತೋ, ಹೊಲವೆಲ್ಲ ಕೇಳೋ ಹಂಗೆ ಕೂಗಿದಳು. "ಅಪ್ಪೋ! ಉಗಿಯಪ್ಪಾ!"

ಕಾಗೆ ಬೆದರಿ ಬೆಲ್ಲದ ಚೂರು ಕಚ್ಚಿಕೊಂಡೇ ಹಾರಿತು. "ಸತ್ರೂ ಬುದ್ಧಿ ಬರ್ನಿಲ್ಲ ಇವನ್ಗೆ!" ಅಂದಳು ಸೋದರತ್ತೆ. ಒಬ್ಬ ಕಿಸಕ್ಕಂದ, ಆಮೇಲೆ ಎಲ್ಲರೂ. ಗುಡ್ಡೆ ಮುಂದೆ ಹೊಟ್ಟೆ ಹಿಡಕೊಂಡು ನಕ್ಕೆವು, ಅವನ ಹೆಂಡತಿಯೂ ನಕ್ಕಳು. ನಗ್ತಾ ನಗ್ತಾ ಹುಡುಗಿ ಮಣ್ಣಲ್ಲಿ ಕುಕ್ಕರಿಸಿ ಅಳೋಕೆ ಶುರು ಮಾಡಿದಳು. ನಾವೆಲ್ಲ ಅತ್ತೆವು. ನನ್ನ ಸೀರೆ ಸೆರಗು ಹಿಡಕೊಂಡು, "ಅವನು ಆಣೆ ತಪ್ದ ಸಿಸ್ಟರ್. ನಾನು ತಪ್ಪಾಕಿಲ್ಲ" ಅಂದಳು.

ಉಳಿದ ಬೆಲ್ಲವನ್ನ ಮುರಿದು ಎಲ್ಲರಿಗೂ ಹಂಚಿದರು. ಹುಡುಗಿ ತನ್ನ ಪಾಲನ್ನ ಅಮ್ಮನಿಗೆ ಕೊಟ್ಟುಬಿಟ್ಟಳು. ನಾನು ಕಣ್ಣೊರೆಸಿಕೊಳ್ಳುತ್ತಾ, ಅವನ ಕೈಯ ಕಡೇ ಬೆಲ್ಲ ಅಲ್ಲವಾ ಅಂತ ನನ್ನ ಪಾಲು ಬಾಯಿಗೆ ಹಾಕಿಕೊಂಡೆ. ಎಂಥ ಹದ ಗೊತ್ತಾ! ಆಗ ಯಾರೋ ಗಟ್ಟಿಯಾಗಿ ನನ್ನ ಮಣಿಕಟ್ಟು ಹಿಡಿದರು. ನೋಡಿದರೆ ಹುಡುಗಿ. ಕಣ್ಣಲ್ಲಿ ನೀರು ಇನ್ನೂ ಸುರೀತಾನೇ ಇತ್ತು.

"ಉಗೀರಿ ಸಿಸ್ಟರ್."

ಇಪ್ಪತ್ತೆಂಟು ವರ್ಷ ಸರ್ವಿಸಾದ ನಾನು, ಊರ ಜನರೆಲ್ಲರ ಎದುರಿಗೆ ಬದುವಿನಾಚೆ ಹೋಗಿ ಉಗಿದು ಬಂದೆ. ಅವಳು ಬಿಡಲಿಲ್ಲ, ಎರಡು ಕೆನ್ನೆಯನ್ನೂ ಒತ್ತಿ ನೋಡಿದಳು.